ನಾನು ತುಂಬಿಕೊಟ್ಟ ಕಾರ್ಡು

ಗುಳೇದಗುಡ್ಡದ ನಮ್ಮ ಸಾಲೆಯಲ್ಲಿ ಸೂಜಿ ಮಾಡುವ ದಿನ ಬಂತೆಂದರೆ ಐದನೇ ವರ್ಗದ ಮಕ್ಕಳಿಗೆಲ್ಲ ಒಮ್ಮೆಲೇ ಹೊಟ್ಟೆನೋವು. ಅರ್ಧ ಜನ ಕಂಪೌಂಡ್ ಹಾರಲು ನೋಡುತ್ತಿದ್ದರು. ನಾನು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದೆ. ನನ್ನ ವರ್ಗದ ಪಟ್ಟಿಯಲ್ಲಿ ಒಂದು ಹೆಸರೂ ಖಾಲಿ ಉಳಿಯಬಾರದೆಂಬ ಹಟ. ಅದನ್ನು ಶಿಸ್ತು ಅಂದುಕೊಂಡಿದ್ದೆ; ಬರೀ ಜಂಬ ಅದು.

ಆ ಸಲ ಗಂಟಲಮಾರಿ ಮತ್ತು ಧನುರ್ವಾಯುವಿನ ಲಸಿಕೆ ಇತ್ತು. ಬೆಳಿಗ್ಗೆಯೇ ಒಬ್ಬ ತಾಯಿ ಬಂದಳು. ಅವರ ಮನೆಯಲ್ಲಿ ಖಣ ನೇಯುವ ಮಗ್ಗ. ಸಾಲೆ ಬಿಟ್ಟ ಮೇಲೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುವವಳು ನನ್ನ ವರ್ಗದಲ್ಲಿದ್ದ ಅವಳ ಮಗಳು.

"ಅಕ್ಕೋರ, ಇವತ್ತ ಬ್ಯಾಡ್ರಿ. ಸೂಜಿ ಮಾಡಿಸಿದ್ರ ತೋಳ ಬಾವ ಬರ್ತೈತಿ, ನೂಲ ಸುತ್ತಾಕ ಆಗೂದಿಲ್ಲ. ಮುಂದಿನ ವಾರ ನಾನ ದವಾಖಾನಿಗೆ ಕರ್ಕೊಂಡ ಹೋಗ್ತೇನ್ರಿ."

ನಾನೂ ಮಗ್ಗದ ಮನೆಯಲ್ಲೇ ಬೆಳೆದವಳು. ಒಂದು ದಿನ ಕಂಡಿಕೆ ನಿಂತರೆ ಮನೆಯಲ್ಲಿ ಯಾರ ಮುಖ ಹೇಗಿರುತ್ತದೆಂದು ಗೊತ್ತು. ಹೂಂ ಎಂದೆ. ತಾಯಿ ಮಗಳನ್ನು ಸಾಲೆಯಲ್ಲೇ ಬಿಟ್ಟು ಹೋದಳು; ಸೂಜಿಯ ಸರದಿಗೆ ನಾನು ಹುಡುಗಿಯನ್ನು ಕರೆಯಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸಂಜೆ ನರ್ಸಬಾಯಿ ಶಿಕ್ಕಾ ಒತ್ತಿದ ಕಾರ್ಡುಗಳನ್ನು ಕೊಟ್ಟು, ಹೆಸರು ತುಂಬಿ ಮಕ್ಕಳ ಕೈಯಲ್ಲಿ ಕಳಿಸಿ ಎಂದಳು. ಆ ಹುಡುಗಿಯ ಹೆಸರಿನಲ್ಲೂ ಒಂದು ತುಂಬಿದೆ. ಪಟ್ಟಿಯಲ್ಲಿ ಅವಳ ಮುಂದೂ ಗುರುತು ಹಾಕಿದೆ. ಹೇಗೂ ಮುಂದಿನ ವಾರ ಹಾಕಿಸುತ್ತಾರಲ್ಲ, ಎಂಟು ದಿನ ಹಿಂದೆ ಮುಂದೆ ಆದರೆ ಏನು ಮಹಾ. ಮುಖ್ಯಗುರುಗಳು ಎಲ್ಲರೆದುರು ನನ್ನ ವರ್ಗವನ್ನು ಹೊಗಳಿದರು. ಆ ತಾಯಿ ಹಾಕಿಸಿದಳೇ ಎಂದು ಕೇಳುವುದನ್ನು ನಾನು ಮರೆತೇಬಿಟ್ಟೆ.

ಎರಡು ತಿಂಗಳಾಗಿರಬೇಕು. ಏಳನೇ ವರ್ಗದ ಒಬ್ಬ ಹುಡುಗ ಗಂಟಲು ಕಟ್ಟಿ ಬಾಗಲಕೋಟೆಯ ದವಾಖಾನೆ ಸೇರಿದ. ಗಂಟಲಮಾರಿ ಅಂತ ಸುದ್ದಿ ಬಂತು. ಮರುದಿನವೇ ಡಾಕ್ಟರು, ನರ್ಸು ಸಾಲೆಗೆ ಬಂದರು. ಮೊದಲು ಆ ಹುಡುಗನ ವರ್ಗದವರನ್ನು ನೋಡುವುದು, ಆಮೇಲೆ ಉಳಿದ ವರ್ಗಗಳಲ್ಲಿ ಲಸಿಕೆ ತಪ್ಪಿದವರನ್ನು.

"ಐದನೇ ವರ್ಗ ಪೂರಾ ಆಗೈತ್ರಿ," ಎಂದು ಮುಖ್ಯಗುರುಗಳು ನನ್ನ ಪಟ್ಟಿ ತೋರಿಸಿದರು. ಡಾಕ್ಟರು ನನ್ನ ವರ್ಗದ ಬಾಗಿಲು ದಾಟಿ ಮುಂದೆ ಹೋದರು.

ನಾನು ಒಳಗೆ ಹೋಗಿ ಆ ಹುಡುಗಿಯನ್ನು ನೋಡಿದೆ. ಗೋಡೆಗೆ ಒರಗಿ ಕೂತಿದ್ದಳು. ಕುತ್ತಿಗೆ ದಪ್ಪಗಾಗಿತ್ತು. ನಿನ್ನೆಯಿಂದ ಬಿಸಿಯೂಟ ಮುಟ್ಟಿಲ್ಲವೆಂದು ಪಕ್ಕದವಳು ಹೇಳಿದಳು. ದವಾಖಾನೆಯಲ್ಲಿ ಸೂಜಿ ಮಾಡಿಸಿದರೇ ಎಂದು ಮೆಲ್ಲಗೆ ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು.

ತಕ್ಷಣ ಓಡಿದೆ ಎಂದು ಬರೆಯಬೇಕೆನಿಸುತ್ತದೆ. ಓಡಲಿಲ್ಲ. ನೌಕರಿ ಹೋದೀತೆಂಬ ಹೆದರಿಕೆಯಲ್ಲಿ ಕೈಯಲ್ಲಿ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ಸುಮಾರು ಹೊತ್ತು ನಿಂತಿದ್ದೆ. ಆಮೇಲೆ ಅವಳ ಕೈ ಹಿಡಿದು ಹೊರಗೆ ಕರೆದೊಯ್ದೆ. "ಇಕಿಗೆ ಆಗಿಲ್ರಿ. ಗುರುತ ನಾನ ಹಾಕೇನಿ," ಎಂದೆ. ಡಾಕ್ಟರು ಬ್ಯಾಟರಿಯ ಬೆಳಕು ಬಿಟ್ಟು ಹುಡುಗಿಯ ಬಾಯೊಳಗೆ ನೋಡಿದರು. ಗಂಟಲಿಗೆ ಬೂದು ಬಣ್ಣದ ಪೊರೆ ಕಟ್ಟಿತ್ತು. ಅವರು ಆಗಲೇ ಅಂಬ್ಯುಲೆನ್ಸಿಗೆ ಫೋನ್ ಹಚ್ಚಿದರು.

ಬಾಗಲಕೋಟೆಯ ದವಾಖಾನೆಯಲ್ಲಿ ಅವಳನ್ನು ಬೇರೆ ಕೋಣೆಯಲ್ಲಿಟ್ಟರು. ಎರಡು ದಿನ ಏನೂ ಹೇಳಲು ಬರುವುದಿಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ನಾನೂ ಆ ತಾಯಿಯೂ ಕೂತೆವು. ಬೈಯುತ್ತಾಳೆಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನಾ ಮರೆತಿರಲಿಲ್ರಿ ಅಕ್ಕೋರ," ಎಂದಳು. "ಕರ್ಕೊಂಡ ಹೋಗಾಕಂತ ಆಕಿಗೆ ಜಳಕಾ ಮಾಡಿಸಿ ತಯಾರ ಮಾಡಿದ್ದೆ. ಆಕಿ ಕಾರ್ಡ ತಗದ ತೋರಿಸಿದ್ಲು. ಅಕ್ಕೋರ ಸಾಲ್ಯಾಗ ಹಾಕಿಸ್ಯಾರ ಬಿಡು ಅಂತ ಸುಮ್ಮಾದೆ."