ಏಳನೇ ಮಹಡಿಯ ಕೀಲಿಗಳು

ಬೊರಿವಲಿಯ ನಮ್ಮ ಬಿಲ್ಡಿಂಗಿನ ಏಳನೇ ಮಹಡಿಯಲ್ಲಿ ಐದು ಫ್ಲ್ಯಾಟ್‌ಗಳು. ನಾಲ್ಕು ಮನೆಯವರು ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಐದನೆಯ ಮನೆ, ಅಂದರೆ 702, ನಮ್ಮದು. ಇಡೀ ಮಹಡಿಯಲ್ಲಿ ದಿನವೆಲ್ಲ ಮನೆಯಲ್ಲಿರುವವಳು ನಾನೊಬ್ಬಳೇ. ಹೀಗಾಗಿ ಉಳಿದ ನಾಲ್ಕೂ ಮನೆಗಳ ಸ್ಪೇರ್ ಕೀಲಿಗಳು ನಮ್ಮ ಬಾಗಿಲ ಹಿಂದಿನ ಕೊಕ್ಕೆಗಳಲ್ಲಿ ತೂಗುತ್ತಿದ್ದವು. ಸಿಲಿಂಡರ್ ಬಂತೆಂದರೆ, ಮಗು ಸ್ಕೂಲಿನಿಂದ ಬೇಗ ಬಂತೆಂದರೆ, "ಆಂಟಿ, ಚಾವಿ!" ಗಂಡ ಹೋದ ಮೇಲೆ, ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ, ಈ ಲೋಕದಲ್ಲಿ ನನಗೆ ಉಳಿದಿದ್ದ ಏಕೈಕ ಪೋಸ್ಟ್ ಅದು. ಕೊಕ್ಕೆಗಳ ಮುಂದೆ ನಿಂತಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ನಾನು ಮೊದಲೆಲ್ಲ ಅಸ್ತವ್ಯಸ್ತವಾಗಿದ್ದವಳಲ್ಲ. ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು. ಅಲ್ಲಿ ಟವೆಲ್, ಸಾಕ್ಸ್, ಊಟದ ಚಮಚ, ಪ್ರತಿಯೊಂದರ ಮೇಲೂ ನನ್ನ ನಂಬರ್ ಮೂವತ್ತೆಂಟು. ಸಿಸ್ಟರ್‌ಗಳು ಕಣ್ಣು ಮುಚ್ಚಿ ಕೈ ಹಾಕಿದರೂ ನನ್ನ ರಿಬ್ಬನ್ ಸಿಗುತ್ತಿತ್ತು. ಈಗಲೂ ಮೂವತ್ತೆಂಟು ನೆನಪಿದೆ. ಫ್ರಿಜ್ ಬಾಗಿಲು ಯಾಕೆ ತೆರೆದೆ ಎಂಬುದು ನೆನಪಿರುವುದಿಲ್ಲ. ಪೂರ್ತಿ ಒಂದು ನಿಮಿಷ ಆ ತಣ್ಣನೆಯ ಬೆಳಕಿನಲ್ಲಿ ಕೊತ್ತಂಬರಿಯನ್ನು ನೋಡುತ್ತ ನಿಂತಿರುತ್ತೇನೆ.

ಅದಕ್ಕೆ ಚೀಟಿಗಳನ್ನು ಬರೆಯತೊಡಗಿದೆ. "ಮೊಸರಿಗೆ ಹೆಪ್ಪು." "ಬಿ.ಪಿ. ಮಾತ್ರೆ." "ಚೀಟಿ ನೋಡು." ಈ ಕೊನೆಯದನ್ನು ಕಾಲೇಜಿಗೆ ಹೋಗುವ ಮೊಮ್ಮಗಳು ಫೋಟೋ ತೆಗೆದು ಫ್ರೆಂಡ್ಸಿಗೆಲ್ಲ ಕಳಿಸಿದಳು. ಆಮೇಲೆ ಒಂದು ದಿನ ಕುಕ್ಕರಿಗೆ ನೀರು ಹಾಕದೆಯೇ ಬೇಳೆ ಇಟ್ಟೆ. ಆ ಸಂಜೆ ಸೊಸೆ ಕಪ್ಪಾದ ಕುಕ್ಕರನ್ನು ಉಜ್ಜುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು: "ಅತ್ತೆ, ನಮ್ಮನೇದು ಓಕೆ. ಆದ್ರೆ ಬೇರೆಯವ್ರ ಚಾವಿ ರಿಸ್ಪಾನ್ಸಿಬಿಲಿಟಿ. ಇನ್ನೊಂದೇ ಒಂದು ಸಲ ಏನಾದ್ರೂ ಆದ್ರೆ, ಎಲ್ಲಾ ಚಾವಿ ಕೆಳಗೆ ವಾಚ್‌ಮನ್ ಕ್ಯಾಬಿನ್‌ಗೆ. ಪ್ರಾಮಿಸ್ ಮಾಡಿ."

ಪ್ರಾಮಿಸ್ ಮಾಡಿದೆ. ಮರುದಿನವೇ ಕೀಲಿಗಳನ್ನು ಆರ್ಗನೈಸ್ ಮಾಡಲು ಕುಳಿತೆ. ಕೀಲಿಗೆ ಫ್ಲ್ಯಾಟ್ ನಂಬರ್ ಕಟ್ಟಿದರೆ ಕಳ್ಳನಿಗೆ ನಾವೇ ಅಡ್ರೆಸ್ ಕೊಟ್ಟಂತೆ ಎಂದು ಸೊಸೆಯೇ ಹಿಂದೊಮ್ಮೆ ಹೇಳಿದ್ದಳು. ಹಾಗಾದರೆ ಕೋಡ್ ಬೇಕು, ನಾನು ಮರೆಯಲಾರದ ಕೋಡ್. ಮರೆಯಲಾರದವರು ಯಾರು? ನನ್ನ ಸಿಸ್ಟರ್‌ಗಳು. ಹುಡುಗಿಯರು ನಾವು ಅವರಿಗೆ ಗುಟ್ಟಾಗಿ ಇಟ್ಟಿದ್ದ ಅಡ್ಡಹೆಸರುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಗುಣ ನೋಡಿ ಒಂದೊಂದು ಮನೆಗೆ ಒಬ್ಬೊಬ್ಬರನ್ನು ಹಂಚಿದೆ. ಸಿಸ್ಟರ್ ಥಂಡರ್, ಸಿಸ್ಟರ್ ಸ್ಲೀಪಿ, ಸಿಸ್ಟರ್ ರೇಡಿಯೋ. ಮೆಸ್ಸಿನಲ್ಲಿ ಬ್ರೆಡ್ಡನ್ನು ಅರ್ಧ ಮಾಡಿ ಬಡಿಸುತ್ತಿದ್ದವರು ಸಿಸ್ಟರ್ ಹಾಫ್-ಸ್ಲೈಸ್. ಚೆಂದದ ಕರ್ಸಿವ್‌ನಲ್ಲಿ ಚೀಟಿ ಬರೆದು ಕೀಲಿಗಳಿಗೆ ಕಟ್ಟಿದೆ. ಒಬ್ಬಳೇ ನಕ್ಕೂ ನಕ್ಕೆ.

ಮೂರು ವಾರವಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ವಾಚ್‌ಮನ್ ನಮ್ಮ ಬೆಲ್ ಬಾರಿಸಿದ. "ಮಾಜೀ, 703 ಸೆ ಪಾನಿ! ಲಿಫ್ಟ್ ತಕ್ ಆ ಗಯಾ!" 703ರ ಬಾಗಿಲ ಕೆಳಗಿನಿಂದ ನೀರು ಲಿಫ್ಟಿನವರೆಗೆ ಹರಿದಿತ್ತು.

703ರವರು ಹಿಂದಿನ ದಿನ ಮದುವೆಗೆಂದು ಪುಣೆಗೆ ಹೋಗಿದ್ದರು. ನಮ್ಮ ಬಿಲ್ಡಿಂಗಿನಲ್ಲಿ ನೀರು ಬರುವುದು ಗಂಟೆ ಲೆಕ್ಕದಲ್ಲಿ. ನೀರಿಲ್ಲದ ಹೊತ್ತಿನಲ್ಲಿ ನಲ್ಲಿ ತಿರುಗಿಸಿ, ಬರಲಿಲ್ಲವೆಂದು ಹಾಗೇ ಬಿಟ್ಟು ಹೊರಟಿದ್ದಾರೆ. ಮರೆವು ನನ್ನೊಬ್ಬಳ ಆಸ್ತಿಯಲ್ಲ ಎಂದು ಒಂದು ಕ್ಷಣ ಖುಷಿಯಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಆದರೆ ಕೊಕ್ಕೆಗಳ ಮುಂದೆ ನಿಂತು ಒಂದೊಂದೇ ಚೀಟಿ ಓದಿದೆ. ಸಿಸ್ಟರ್‌ಗಳೆಲ್ಲ ನೆನಪಿದ್ದರು, ಜಪಮಾಲೆಯ ಸದ್ದು ಕೂಡ. ಯಾರು ಯಾವ ಮನೆಯಲ್ಲಿದ್ದಾರೆ ಎಂಬುದು ಮಾತ್ರ ಪೂರ್ತಿ ಬ್ಲ್ಯಾಂಕ್.

ಸಿಸ್ಟರ್ ಸ್ಲೀಪಿಯನ್ನು ತೆಗೆದುಕೊಂಡು ಓಡಿದೆ. ಬಿಲ್ಡರ್ ಎಲ್ಲ ಬಾಗಿಲಿಗೂ ಒಂದೇ ಜಾತಿಯ ಲಾಕ್ ಹಾಕಿಸಿದ್ದರಿಂದ ಕೀಲಿ ಒಳಗೆ ಹೋಯಿತು. ತಿರುಗಲಿಲ್ಲ. ಗಾಬರಿಯಲ್ಲಿ ಜೋರಾಗಿ ತಿರುವಿದೆ, ಸಿಕ್ಕಿಕೊಂಡಿತು. ಸೊಸೆ ಎಣ್ಣೆ ಬಿಟ್ಟು ಎಳೆದು ತೆಗೆದಳು. ಕೀಲಿ ಸ್ವಲ್ಪ ಬಾಗಿತ್ತು.

"ಇನ್ನು ತಪ್ಪು ಚಾವಿ ಹಾಕೋದು ಬೇಡ. ಲಾಕ್ ಹೋಗತ್ತೆ. ಇದರಲ್ಲಿ 703 ಯಾವುದು ಅತ್ತೆ?"

"ನೆನಪಾಗ್ತಿಲ್ಲ," ಎಂದೆ, ಮೂರನೇ ಕ್ಲಾಸಿನ ದನಿಯಲ್ಲಿ.

ಅಷ್ಟರಲ್ಲಿ 701ರ ವಿಜಯಪುರದ ಹೆಣ್ಣುಮಗಳು ಹೊರಗೆ ಬಂದಿದ್ದಳು, 704ರ ಮಂಗಳೂರು ಕಡೆಯ ಯಜಮಾನರು ಬನಿಯನ್ನಿನಲ್ಲೇ ಬಂದಿದ್ದರು. ಸೊಸೆ ಚೀಟಿಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದತೊಡಗಿದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ, ನೀರು ಮಾತ್ರ ನನ್ನ ಚಪ್ಪಲಿ ದಾಟಿ ಹೋಯಿತು.

"ಸಿಸ್ಟರ್ ಥಂಡರ್!"

"ಎಂಥ ಅದು? ಯಾರಿಗೆ ಥಂಡರ್ ಅಂತ ಹೇಳಿದ್ದು?" ಎಂದು 704ರವರು ಕೇಳಿದ ರಭಸಕ್ಕೆ ಕೆಳಗಿನ ಮಹಡಿಯ ನಾಯಿ ಬೊಗಳಿತು. ಸೊಸೆ ಆ ಕೀಲಿಯನ್ನು ಅವರ ಕೈಗಿಟ್ಟಳು.

"ಸ್ಲೀಪಿ?"

ಇಷ್ಟೆಲ್ಲ ಗದ್ದಲವಾದರೂ 705ರ ಬಾಗಿಲು ಮಾತ್ರ ತೆರೆದಿರಲಿಲ್ಲ. ಎಲ್ಲರೂ ಆ ಕಡೆ ನೋಡಿ ತಲೆಯಾಡಿಸಿದರು.

"ರೇಡಿಯೋ?"

"ನಂದಂತೂ ಅಲ್ಲ ಬಿಡ್ರೀ," ಎಂದಳು 701ರವಳು. "ನಾ ಯಾರ ಉಸಾಬರಿಗೂ ಹೋಗಾಕಿ ಅಲ್ಲ. ಅದ್ಕ 703ರಾಕಿ ಗಂಡನ ಕೂಡ ಜಗಳಾಡಿ ಮದುವಿಗಿ ಹೋಗ್ಯಾಳ ಅನ್ನೂದು ಗೊತ್ತಿದ್ರೂ ನಾ ಯಾರ ಮುಂದ ಅಂದಿಲ್ಲ ನೋಡ್ರಿ." ಹೇಳಿ ಮುಗಿಸಿದ ಮೇಲೆ ಅವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೊಮ್ಮಗಳು "ಓ ಮೈ ಗಾಡ್, ಅಜ್ಜಿ!" ಎಂದು ಗೋಡೆಗೆ ಮುಖ ಮಾಡಿ ನಿಂತಳು.

ಕೈಯಲ್ಲಿ ಉಳಿದದ್ದು ಹಾಫ್-ಸ್ಲೈಸ್. ಬಾಗಿಲು ಮೊದಲ ತಿರುವಿಗೇ ತೆರೆಯಿತು.

ನಲ್ಲಿ ನಿಲ್ಲಿಸಿ, ಎರಡು ತಾಸು ನೀರು ಬಳಿದೆವು. ಯಾರೂ ನನ್ನನ್ನು ಬಯ್ಯಲಿಲ್ಲ, ಅದೇ ಹೆದರಿಕೆ. ಸಂಜೆಯ ಹೊತ್ತಿಗೆ ಒಬ್ಬೊಬ್ಬರೇ ಬಂದರು. 704ರವರು ಕೀಲಿ ವಾಪಸ್ ಕೊಡಲಿಲ್ಲ, "ನಿಮಗೆ ಸುಮ್ಮನೆ ಟೆನ್ಶನ್ ಅಲ್ವಾ ಅಮ್ಮ," ಎಂದು ತಮ್ಮ ಮಟ್ಟಿಗೆ ಮೆಲ್ಲಗೆ ಹೇಳಿದರು. 705ರವರು ಎಚ್ಚರವಾದ ಮೇಲೆ ಬಂದು, ಬಾಗಿದ ಕೀಲಿ ತೆಗೆದುಕೊಂಡು, ಗದ್ದಲಕ್ಕೆ ಏಳಲಿಲ್ಲವೆಂದು ಸಾರಿ ಹೇಳಿದರು, ಸಾರಿ ಹೇಳಬೇಕಾದವಳು ನಾನು. 701ರವಳು ಮಾತೇ ಆಡದೆ ತೆಗೆದುಕೊಂಡು ಹೋದಳು. ಪುಣೆಯಿಂದ ಬಂದ 703ರವಳಿಗೆ ಲಿಫ್ಟಿನಲ್ಲೇ ಸುದ್ದಿ ಮುಟ್ಟಿತ್ತು. ಹೇಗೆ ಎಂದು ಬೇರೆ ಹೇಳಬೇಕಾಗಿಲ್ಲ. ಅವಳು ಬಾಗಿಲಲ್ಲೇ ನಿಂತು ಕೈ ಚಾಚಿದಳು.

ವಾಚ್‌ಮನ್ ಕ್ಯಾಬಿನ್‌ಗೆ ಕಳಿಸಲು ಕೂಡ ಏನೂ ಉಳಿಯಲಿಲ್ಲ. ನಾಲ್ಕು ಖಾಲಿ ಕೊಕ್ಕೆ. ಸೊಸೆ ಅಲ್ಲಿ ಛತ್ರಿ ತೂಗುಹಾಕಿದಳು, ನಾನು ತೆಗೆದೆ, ಅವಳು ಮತ್ತೆ ಹಾಕಲಿಲ್ಲ. ಹಗಲು ಬೆಲ್ ಆಗುತ್ತಿರಲಿಲ್ಲ. ಮಧ್ಯಾಹ್ನ ಎದ್ದು ಸೀರೆ ಸರಿಮಾಡಿಕೊಂಡು ಕೂರುತ್ತಿದ್ದೆ, ಯಾರಿಗಾಗಿ ಎಂದು ನನಗೇ ತಿಳಿಯದೆ.

ಗುರುವಾರ ನಾಲ್ಕು ಗಂಟೆಗೆ ಬೆಲ್ ಆಯಿತು. 701ರವಳು. ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಎರಡು ಕೈಯಲ್ಲೂ ತರಕಾರಿ ಚೀಲ.

"ಚಾವಿ ಒಳಗ ಬಿಟ್ಟು ಬಾಗ್ಲಾ ಎಳಕೊಂಡ್ ಹೋಗೇನ್ರಿ."

"ಸ್ಪೇರ್?"

"ಅದೂ ಒಳಗ. ಡೈನಿಂಗ್ ಟೇಬಲ್ ಮ್ಯಾಲ." ಅವಳು ಸೋಫಾದಲ್ಲಿ ಕುಸಿದಳು. "ನಿಮ್ಮ ಕಡಿಂದ ಸಿಟ್ಟಲೆ ಒಯ್ದು ಅಲ್ಲೇ ಒಗದಿದ್ದೆ. ನಮ್ಮನಿಯವ್ರು ವಿಲೆ ಪಾರ್ಲೆದಾಗ ಮೀಟಿಂಗ್‌ನ್ಯಾಗ ಅದಾರ. ಏಳಾದ್ರೂ ಆಗ್ತದ."

ಮೂರು ಚಹಾ ಆಯಿತು. ಕುಡಿಯುತ್ತ ಅವಳು ನಾಲ್ಕು ಮಹಡಿಗಳ ಸುದ್ದಿ ಹೇಳಿದಳು, ನಾನು ತುಂಬ ಎಂಜಾಯ್ ಮಾಡಿದೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ, "ಬಿಡ್ರೀ, ನನ್ನ ಗಂಡಾ ಇನ್ನೂ ಕೆಟ್ಟ ಹೆಸರು ಇಟ್ಟಾನ," ಎಂದಳು. ರಾತ್ರಿ ಊಟಕ್ಕೆ ಮುಂಚೆ ಕೀಲಿ ತಂದು ತಾನೇ ಕೊಕ್ಕೆಗೆ ಹಾಕಿದಳು. ಸೊಸೆ ಒಂದು ಕಂಡೀಷನ್ ಹಾಕಿದಳು: ಹೆಸರಿಲ್ಲ, ನಂಬರಿಲ್ಲ, ಯಾರ ಬಾಗಿಲ ತೋರಣ ಯಾವ ಬಣ್ಣವೋ ಅದೇ ಬಣ್ಣದ ಉಣ್ಣೆಯ ದಾರ. ನೆನಪಾಗದಿದ್ದರೆ ಬಾಗಿಲು ತೆರೆದು ನೋಡಿದರಾಯಿತು. ನನಗೆ ಇಷ್ಟು ಸುಲಭದ್ದು ಹೊಳೆದಿರಲೇ ಇಲ್ಲ.

701ರವಳು ಈ ವಿಷಯ ಯಾರಿಗೂ ಹೇಳುವುದಿಲ್ಲ ಎಂದಳು. ಶನಿವಾರದೊಳಗೆ 704, 705 ಎರಡೂ ವಾಪಸ್ ಬಂದವು.

703ರವಳದು ಇನ್ನೂ ಬಂದಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ನಗುತ್ತಾಳೆ, ಅರ್ಧ ಮಾತ್ರ. ಅವಳ ಬಾಗಿಲಿನ ತೋರಣ ಹಳದಿ. ಹಳದಿ ಉಣ್ಣೆ ಕತ್ತರಿಸಿ ಕೊಕ್ಕೆಗೆ ಕಟ್ಟಿ ಇಟ್ಟಿದ್ದೇನೆ.