ಕರೆಂಟ್ ಹಾಸಿಗೆಯೂ ನನ್ನ ಹೆಸರಿನ ಕುರಿಗಳೂ

ಈ ಊರಿನಲ್ಲಿ ಹಾಸಿಗೆಗೆ ಕರೆಂಟ್ ಕೊಡುತ್ತಾರೆ. ಶಿಮ್ಲಾಕ್ಕೆ ಬಂದ ಹೊಸತರಲ್ಲಿ ನನ್ನ ಬಾಡಿಗೆ ಮನೆಯ ಒಡತಿ ಕಮಲಾ ಆಂಟಿ ತಮ್ಮ ಮಂಚದ ಬೆಡ್‌ಶೀಟ್ ಎತ್ತಿ, ಅಡಿಯಲ್ಲಿದ್ದ, ಹಾಸಿಗೆ ಬಿಸಿ ಮಾಡುವ ವೈರಿನ ಹೊದಿಕೆ ತೋರಿಸಿದಾಗ ಗಾಬರಿಯಾಗಿ ಹಿಂದೆ ಸರಿದಿದ್ದೆ. ನಮ್ಮ ಮನೆಯಲ್ಲಿ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದರೇ ಅವ್ವ ಊರು ಕೇಳುವಂತೆ ಕೂಗಾಡುತ್ತಾಳೆ. ಇಲ್ಲಿ ಜನ ವೈರಿನ ಮೇಲೆಯೇ ಮಲಗಿ ಗೊರಕೆ ಹೊಡೆಯುತ್ತಾರೆ!

ನಾನು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯವಳು. ಸ್ಟೆನೋ ಪರೀಕ್ಷೆ ಪಾಸು ಮಾಡಿ ಕೇಂದ್ರ ಸರ್ಕಾರದ ಕೆಲಸ ಹಿಡಿದೆ. ಪೋಸ್ಟಿಂಗ್ ಎಲ್ಲಿ ಅಂತ ನೋಡಿದರೆ ಶಿಮ್ಲಾ! ಊರಲ್ಲಿ ಬಿಸಿಲಿಗೆ ಹೆದರಿ ನೆರಳು ಹುಡುಕುತ್ತಿದ್ದವಳು ಇಲ್ಲಿ 'ಧೂಪ್ ಸೇಕ್ನಾ' ಕಲಿತೆ. ಹಾಗೆಂದರೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಮೈ ಕಾಯಿಸಿಕೊಳ್ಳುವುದು. ಮಧ್ಯಾಹ್ನ ಇಡೀ ಆಫೀಸು ಫೈಲು ಬಿಟ್ಟು ಹೊರಗೆ ಬಂದು ಕೂರುತ್ತದೆ, ಸಾಹೇಬರೂ ಸೇರಿ. ಹಿಂದಿ ನನಗೆ ಬಂದದ್ದು ಆ ಬಿಸಿಲಲ್ಲೇ. ಮುದ್ದೆ ಮಾತ್ರ ಎಲ್ಲೂ ಸಿಗಲಿಲ್ಲ. ರಾಜ್ಮಾ ಅನ್ನಕ್ಕೆ ನಾಲಿಗೆ ಒಗ್ಗಿತು, ಹೊಟ್ಟೆ ಒಗ್ಗಲಿಲ್ಲ.

ಆದರೆ ಚಳಿಯ ವಿಷಯದಲ್ಲಿ ನನಗೆ ಬಲು ಜಂಬವಿತ್ತು. ಕುರಿ ಸಾಕುವ ಮನೆ ನಮ್ಮದು. ಹೆಣ್ಣುಮಗು ಹುಟ್ಟಿದರೆ ಒಂದು ಹೆಣ್ಣುಮರಿಯ ಕಿವಿ ಕತ್ತರಿಸಿ ಗುರುತು ಮಾಡಿ, ಮಗುವಿನ ಹೆಸರಿಗೆ ಬಿಡುತ್ತಾರೆ. ಅದರ ಮರಿ, ಮರಿಯ ಮರಿ ಎಲ್ಲ ಅವಳದೇ. ಅವಳು ಎಲ್ಲೇ ಇರಲಿ, ಅವಳನ್ನು ಕೇಳದೆ ಆ ಸಾಲಿನ ಒಂದು ಕುರಿಯನ್ನೂ ಮಾರುವ ಹಾಗಿಲ್ಲ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಆದರೂ ಕೇಳಬೇಕು. ಆ ಕೇಳುವುದರಲ್ಲಿ, ನೀನಿನ್ನೂ ಈ ಮನೆಯವಳು ಎನ್ನುವ ಮಾತಿದೆ.

ನಾನು ಬಂದ ವರ್ಷ, ಚಳಿ ಶುರುವಾಗುವ ಮುಂಚೆ, ಅಣ್ಣ ತಿಪ್ಪೇಶ ಪಾರ್ಸೆಲ್‌ನಲ್ಲಿ ಕರಿ ಕಂಬಳಿ ಕಳಿಸಿದ. ಫೋನಿನಲ್ಲಿ ಹೇಳಿದ: "ನಿನ್ ಕುರಿದೇ ಉಣ್ಣೆ ಕಣವ್ವ. ಇದನ್ನ ಹೊದ್ಕಂಡು ಮಲಿಕ್ಕ, ಹಿಮ ಬಿದ್ರೂ ಏನೂ ಆಗಲ್ಲ."

ಹೊದ್ದು ಮಲಗಿದೆ. ಗಡಗಡ ನಡುಗಿದೆ. ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಅದರ ಮೇಲೆ ಕಂಬಳಿ ಹೊದ್ದರೂ ನಡುಕ ನಿಲ್ಲಲಿಲ್ಲ. ನಮ್ಮಜ್ಜ ಇಂಥದ್ದೇ ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಕುರಿ ಕಾದವನು. ಹಾಗಾಗಿ ನಾನು ಬೈದುಕೊಂಡದ್ದು ನನ್ನ ಮೈಯನ್ನು. ಕುರ್ಚಿಯ ಮೇಲೆ ಕೂತು ಕೂತು ಕೆಟ್ಟಿದೆ ಅಂದುಕೊಂಡೆ. ಕಮಲಾ ಆಂಟಿ ವೈರಿನ ಹೊದಿಕೆ ತಗೋ ಅಂದಾಗಲೆಲ್ಲ ಮೂಗು ಮುರಿದೆ. ಭಾನುವಾರ ಫೋನು ಮಾಡಿದರೆ ಅವ್ವ, "ನಿನ್ ಕರಿಕುರಿ ಅವಳಿ ಹಾಕೈತೆ, ಒಂದಕ್ಕೆ ಹಣೆ ಮ್ಯಾಲೆ ಬಿಳೀ ಬೊಟ್ಟೈತೆ" ಅನ್ನುತ್ತಿದ್ದಳು. ಮುಂದಿನ ಭಾನುವಾರದವರೆಗೆ ಆ ಬೊಟ್ಟು ನೆನೆಸಿಕೊಂಡೇ ದಿನ ದೂಡುತ್ತಿದ್ದೆ. ಒಂಟಿತನಕ್ಕೆ ಅದಕ್ಕಿಂತ ಒಳ್ಳೆಯ ಮದ್ದು ಇರಲಿಲ್ಲ.

ಎರಡನೇ ಚಳಿಗಾಲದಲ್ಲಿ ಕೆಮ್ಮು ಎದೆಗಿಳಿಯಿತು. ಆಂಟಿ ಕೈ ಹಿಡಿದು ಅಂಗಡಿಗೆ ಎಳೆದೊಯ್ದರು. ಅಲ್ಲಿ ನೋಡಿದರೆ ಹುಡುಗಿ ನೋಡುವ ಶಾಸ್ತ್ರದಂತೆ ವಿಚಾರಣೆ. ಒಂಟಿ ಮಂಚಕ್ಕೋ ಜೋಡಿ ಮಂಚಕ್ಕೋ? ಹತ್ತಿಯದೋ, ನವಿರು ಜೂಲಿನದೋ? ಬಿಸಿ ಹೆಚ್ಚಾದರೆ ತಾನೇ ಆರುವುದು ಬೇಕೋ? ತಾನೇ ಆರುವುದನ್ನೇ ಕೊಡಿ ಅಂದೆ, ಜೀವದಾಸೆ. ಮಲಗುವ ಮುಂಚೆ ಹಾಕಿ, ಮಲಗುವಾಗ ಆರಿಸಿ, ಮೇಲೆ ಮಾತ್ರ ಉಣ್ಣೆಯದೇ ಹೊದೆಯಿರಿ, ಆಗ ಬಿಸಿ ನಿಲ್ಲುತ್ತದೆ ಎಂದ ಅಂಗಡಿಯವನು. "ಉಣ್ಣೆಯ ಮಾತು ನನಗೆ ಹೇಳಬೇಡಿ" ಅಂದೆ ಗತ್ತಿನಿಂದ.

ಮನೆಗೆ ಬಂದು ಆಂಟಿಗೂ ಅದೇ ಗತ್ತು ತೋರಿಸಲು ಹೋದೆ. ಅಪ್ಪಟ ಉಣ್ಣೆ ಹೇಗಿರುತ್ತದೆ ನೋಡಿ ಅಂತ ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತು ಗ್ಯಾಸ್ ಒಲೆಗೆ ಹಿಡಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಕರಗಿತು. ಪ್ಲಾಸ್ಟಿಕ್ ವಾಸನೆ ಹೊಡೆಯಿತು. ತುದಿಯಲ್ಲಿ ಕರಿ ಗುಂಡು ಕಟ್ಟಿಕೊಂಡಿತು. ಇನ್ನೊಂದು ಎಳೆ ಹಿಡಿದೆ. ಅದೂ ಕರಗಿತು. ಆಂಟಿ ಚಹಾಕ್ಕೆ ನೀರಿಟ್ಟರು. ನನಗೆ ಮುಖ ಎತ್ತಲಾಗಲಿಲ್ಲ.

ಅಣ್ಣನಿಗೆ ಫೋನು ಮಾಡಿದೆ. "ಕಂಬ್ಳಿ ಎಲ್ಲಿಂದ ತಂದೆ?"

"ಸಂತೆನಾಗೆ ತಂದೆ. ಯಾಕವ್ವ?"

"ನನ್ನ ಕುರಿ ಎಲ್ಲಿ ಅವೆ?"

ಅವನು ಮೊದಲು ಅವ್ವನನ್ನು ಕೂಗಿ ಕರೆದ. ಆಮೇಲೆ, "ನೀನು ಹೋದ ಮ್ಯಾಲೆ ಎಲ್ಲಾ ಕೊಟ್ಬಿಟ್ವಿ. ಗುಡ್ಡದ್ ಮ್ಯಾಲೆ ಕರೆಂಟ್ ಮಾಡೋ ಗಾಳಿ ಫ್ಯಾನು ಹಾಕಿ ಬೇಲಿ ಬಿಗಿದವ್ರೆ. ಎಲ್ಲಿ ಮೇಯಿಸಾನ? ನಿಂಗೆ ಹೇಳಿದ್ರೆ ಅಲ್ಲಿ ಒಬ್ಳೇ ಕುಂತು ಅಳ್ತೀಯ ಅಂತ…"

ಫೋನು ಅವ್ವನ ಕೈಗೆ ಹೋಯಿತು. ಅವಳೂ ಅದನ್ನೇ ಅಂದಳು: "ಭಾನುವಾರ ನಿಂಗೆ ಏನಾರ ಸಂತೋಸದ್ದು ಹೇಳಬೇಕಲ್ಲವ್ವ."

ಅವಳಿ ಮರಿಯಿಲ್ಲ, ಹಣೆಯ ಬೊಟ್ಟಿಲ್ಲ. ನನ್ನವ್ವ ಒಂದು ವರ್ಷಕ್ಕೂ ಹೆಚ್ಚು ಕಾಲ ನನಗೆ ಇಲ್ಲದ ಕುರಿಗಳನ್ನು ಮೇಯಿಸಿದ್ದಳು. ಮಾರಿದ್ದಕ್ಕೆ ನನಗೆ ಸಿಟ್ಟಿಲ್ಲ. ಮೇವಿಲ್ಲದಿದ್ದರೆ ಮಾರದೆ ಇನ್ನೇನು ಮಾಡುತ್ತಾರೆ? ಕೇಳಿದ್ದರೆ ನಾನೇ ಮಾರಿ ಅನ್ನುತ್ತಿದ್ದೆ. ಕೇಳಲಿಲ್ಲ. ಬೇರೆ ಯಾರಾದರೂ ಮೋಸ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಇದು ನನ್ನ ಮನೆಯವರೇ ಕೂಡಿ ಮಾಡಿದ ಮೋಸ, ಅದೂ ಪ್ರೀತಿಯ ಹೆಸರಿನಲ್ಲಿ. ಅಂದು ಕರೆಂಟ್ ಹಾಸಿಗೆಯ ಮೇಲೆ ಬೆಚ್ಚಗೆ ಮಲಗಿ ಅತ್ತೆ. ಮೈ ನಡುಗದೆ ಅಳುವುದು ಅದೇ ಮೊದಲು.

ಬೇಸಿಗೆಯಲ್ಲಿ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ರಜೆ ಹಾಕಿ ಊರಿಗೆ ಹೋದೆ. ರೊಪ್ಪದಲ್ಲಿ, ಕುರಿ ಕೂಡುತ್ತಿದ್ದ ಜಾಗದಲ್ಲಿ, ಅಣ್ಣನ ಬೈಕು ನಿಂತಿತ್ತು. ಸಂಜೆ ಅವನು ಜವನಗೊಂಡನಹಳ್ಳಿಯಿಂದ ಒಂದು ಕರಿ ಹೆಣ್ಣುಮರಿ ತಂದು ನನ್ನ ತೊಡೆಯ ಮೇಲೆ ಬಿಟ್ಟ. ಕತ್ತರಿಯನ್ನೂ ತಂದಿದ್ದ.

"ನೀನೇ ಗುರ್ತು ಹಾಕವ್ವ. ಇನ್ಮ್ಯಾಲೆ ನಿನ್ನ ಕೇಳದೆ ಏನೂ ಮಾಡಲ್ಲ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಅವಳ ಪಕ್ಕದಲ್ಲಿ ಅಣ್ಣನ ಪುಟ್ಟ ಮಗಳು ಮರಿಯನ್ನೇ ನೋಡುತ್ತಿದ್ದಳು. ಮರಿ ನನ್ನ ಬೆರಳು ಚೀಪತೊಡಗಿತು. ನನಗೆ ಅದು ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮುಂದಿನ ವಾರ ನಾನು ಶಿಮ್ಲಾದಲ್ಲಿರುತ್ತೇನೆ. ಇದು ಮೇಯಿತೇ, ಈಯಿತೇ, ಇದೆಯೇ ಅನ್ನುವುದನ್ನು ಇವರು ಹೇಳಿದಂತೆಯೇ ನಂಬಬೇಕು. ನಂಬಲು ನನ್ನಿಂದ ಆಗುವುದಿಲ್ಲ ಅನ್ನುವುದು ಆ ಕ್ಷಣಕ್ಕೆ ಗೊತ್ತಾಯಿತು.

"ಬ್ಯಾಡಣ್ಣ, ನಿನ್ ಮಗಳ ಹೆಸ್ರಿಗೆ ಹಾಕು. ಅವಳು ಇಲ್ಲೇ ಇರ್ತಾಳಲ್ಲ" ಅಂದು, ಮರಿಯನ್ನು ಅವನ ಕೈಗೆ ಕೊಟ್ಟೆ.