ಹಳಿಗಳ ನಡುವಿನ ಮನೆ

ಆ ಸ್ಟೇಷನ್ನಿನ ನಡು ಪ್ಲಾಟ್‌ಫಾರಂ ತುದಿಯಲ್ಲಿ ಒಂದು ಮನೆಯಿದೆ. ಲೋಕಲ್ ಗಾಡಿಗೆ ಕಾಯುವವರು ಅದನ್ನು ಗೋದಾಮು ಅಂದುಕೊಂಡು ಕಿಟಕಿಕಟ್ಟೆಯ ಮೇಲೆ ಚೀಲ ಇಡುತ್ತಾರೆ, ಗೋಡೆಗೆ ಕಾಲು ಕೊಟ್ಟು ನಿಲ್ಲುತ್ತಾರೆ. ಮೊದಲೆಲ್ಲ ಒಳಗಿನಿಂದ ಈರುಳ್ಳಿ ಹುರಿದ ವಾಸನೆ ಬಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆ ಈರುಳ್ಳಿ ಹುರಿಯುತ್ತಿದ್ದವಳ ಕಥೆಯೇ ಇದು. ಹಳಿ ಬದಲಿಸುವ ಪಾಯಿಂಟ್ಸ್‌ಮನ್‌ನ ಹೆಂಡತಿ ಅವಳು. ಪ್ಲಾಟ್‌ಫಾರಂನ ಚಹಾದಂಗಡಿಯವನು ಅವಳನ್ನು ನಡುಗಡ್ಡೆ ಅಕ್ಕ ಅಂತ ಕರೆದ, ಅದೇ ಹೆಸರು ನಿಂತಿತು.

ಮದುವೆಯಾಗಿ ಬಂದಾಗ ಅದು ನಡುಗಡ್ಡೆಯಾಗಿರಲಿಲ್ಲ. ಇಟ್ಟಿಗೆ ಗೂಡಿನ ಮಾಲು ಹೇರಲಿಕ್ಕೆಂದೇ ಹುಟ್ಟಿದ ಸ್ಟೇಷನ್ನು. ಒಂದು ಹಳಿ, ಒಂದು ಬೆಂಚು, ಅಷ್ಟೇ. ಮುಂಬಾಗಿಲಿಗೆ ಹಳಿ, ಹಿಂಬಾಗಿಲಿಗೆ ಬಯಲು. ಬಯಲಲ್ಲಿ ಬಟ್ಟೆ ಹರವಿ, ಹಾಗೇ ನಡೆದು ತಂಗಿಯ ಮನೆಗೆ ಹೋಗಿ, ಹರಟೆ ಹೊಡೆದು, ಬಟ್ಟೆ ಒಣಗುವಷ್ಟರಲ್ಲಿ ವಾಪಸು ಬರಬಹುದಿತ್ತು. ಆಮೇಲೆ ಊರು ಬೆಳೆಯಿತು. ಗೂಡು ಮುಚ್ಚಿತು, ಅದೇ ಇಟ್ಟಿಗೆಯ ಮನೆಗಳಲ್ಲಿ ತುಂಬಿಕೊಂಡ ಜನ ಬೆಳಗಾದರೆ ಕೆಲಸಕ್ಕೆ ಹೋಗಲು ಸ್ಟೇಷನ್ನಿಗೆ ಮುಗಿಬಿದ್ದರು. ಒಂದು ಹಳಿ ಯಾವ ಮೂಲೆಗೆ ಸಾಕು? ಎರಡನೆಯದನ್ನು ಹಿಂಬಾಗಿಲ ಬಯಲಲ್ಲಿ ಹಾಕಿದರು. "ಒಂದು ವರ್ಷ ಹೇಗೋ ಸುಧಾರಿಸ್ಕೊಳ್ಳಿ, ಬೇರೆ ಮನೆ ಕೊಡ್ತೀವಿ" ಅಂದರು ಮೇಲಿನವರು. ಕೊಟ್ಟರು, ಕೊಟ್ಟರು, ಮೂಗಿಗೆ ತುಪ್ಪ ಸವರಿ ಹೋದರು. ಹಿಂಬಾಗಿಲಿಗೆ ಮೊಳೆ ಬಿತ್ತು. ನಿಲ್ಲದೆ ಓಡುವ ಗಾಡಿಗಳಿಗೆ ಇನ್ನೆರಡು ಹಳಿ ಬಂದವು, ಬೇಲಿ ಬಂತು. ಕೊನೆಗೆ ಹೊರಗೆ ಹೋಗಲು ಮೇಲ್ಸೇತುವೆಯೊಂದೇ ದಾರಿಯಾಯಿತು. ಒಂದೊಂದು ಹಳಿ ಬಂದಾಗಲೂ ಊರಿಗೆ ಹಿಗ್ಗು, ಅಕ್ಕನಿಗೆ ಉಸಿರು ಕಟ್ಟಿದಂತೆ. ಅಷ್ಟರಲ್ಲಿ ಮಂಡಿಗಳೂ ಕೈಕೊಟ್ಟವು. ಸೇತುವೆಯ ಮೆಟ್ಟಿಲು ಹತ್ತಿ ಇಳಿದರೆ ಎರಡು ದಿನ ಕಾಲು ನೀಡಿ ಮಲಗಬೇಕು. ದಿನವೂ ಸಾವಿರಾರು ಜನ ಎಲ್ಲೆಲ್ಲಿಗೋ ಹೋಗುವುದನ್ನು ಕಿಟಕಿಯಿಂದ ನೋಡುತ್ತ ಅವಳು ಇದ್ದಲ್ಲೇ ಇದ್ದಳು.

ಗಾಡಿ ಬಂದರೆ ಮನೆಯೇ ನಡುಗುವುದು. ತಟ್ಟೆಗಳ ನಡುವೆ ಬಟ್ಟೆ ಮಡಚಿ ಇಡಬೇಕು. ಮಾತಂತೂ ಅರ್ಧಕ್ಕೇ ನಿಲ್ಲಿಸಿ, ಗಾಡಿ ದಾಟಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯಬೇಕು. "ಪಲ್ಯಕ್ಕೆ" ಅಂದು ನಿಲ್ಲಿಸಿದರೆ, ಕೊನೆಯ ಡಬ್ಬಿ ಹೋದ ಮೇಲೆ "ಉಪ್ಪು ಜಾಸ್ತಿಯಾಗಿದೆ" ಅನ್ನುವುದು.

ಗಂಡ ಕೆಟ್ಟವನಲ್ಲ. ಕುಡಿಯಲಿಲ್ಲ, ಕೈಯೆತ್ತಲಿಲ್ಲ. ಅವನಿಗೊಂದು ಚಾಳಿ ಮಾತ್ರ ಇತ್ತು. ಹೆಂಡತಿಗೆ ಹಿಡಿಸದ ಮಾತನ್ನು ಗಾಡಿ ಹಾದುಹೋಗುವಾಗಲೇ ಹೇಳಿ ಮುಗಿಸುವುದು. ಆಮೇಲೆ ಕೇಳಿದರೆ, "ಹೇಳಿದ್ನಲ್ಲ, ಗದ್ದಲದಲ್ಲಿ ಕೇಳಿಸ್ಲಿಲ್ವೇನೋ." ತಂಗಿಯ ಮಗಳ ಮದುವೆಗೆ ರಜೆ ಕೇಳಲಿಲ್ಲವೆಂಬುದನ್ನು ಹೀಗೇ ಹೇಳಿದ. ಬೇರೆ ಕಡೆ ಮನೆ ಖಾಲಿಯಾದಾಗ, ಕೆಲಸಕ್ಕೆ ದೂರವಾಗುತ್ತೆಂದು ಬೇಡ ಅಂದುಬಿಟ್ಟದ್ದನ್ನೂ ಹೀಗೇ ಹೇಳಿದ. ಎಂಥಾ ಜಾಣ ನೋಡಿ! ಆದರೆ ಅವನು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರುವವಳು. ವರ್ಷಗಟ್ಟಲೆ ನೋಡಿ ನೋಡಿ ಅವನ ತುಟಿ ಓದುವುದನ್ನು ಕಲಿತುಬಿಟ್ಟಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲ. ಅವನ ಮಾತೆಲ್ಲ ಗೊತ್ತಾಗಿಯೂ ಅವಳು ಏನು ಮಾಡಿದಳು ಅಂದರೆ, ನುಂಗಿಕೊಂಡಳು. ಅವಳಿಗೆ ಒಂದೇ ಒಂದು ಆಸೆಯಿತ್ತು, ಗಂಡ ನಿವೃತ್ತನಾಗುವುದು. ಹೊಲಿಗೆಯಂಗಡಿ ಇಟ್ಟಿದ್ದ ತಂಗಿ ಹಿಂದಿನ ಕೋಣೆ ಖಾಲಿ ಇಟ್ಟುಕೊಂಡು ಕಾಯುತ್ತಿದ್ದಳು. ನೆಲಕ್ಕೇ ಇರುವ ಕೋಣೆ, ಒಂದು ಮೆಟ್ಟಿಲೂ ಇಲ್ಲ. ಒಮ್ಮೆ ಬಾಗಿಲಲ್ಲಿ ಕೂತಿದ್ದವಳನ್ನು ಯಾರೋ ಮುದುಕಿ ಕೇಳಿದಳು, "ಯಾವ ಗಾಡಿಗೆ ಕಾಯ್ತಾ ಇದ್ದೀಯಮ್ಮಾ?"

"ನಮ್ಮೆಜಮಾನ್ರ ರಿಟೈರ್ಮೆಂಟಿಗೆ ಅಜ್ಜಿ" ಅಂದಳು ಅಕ್ಕ. "ಅದೂ ಲೇಟೇ."

ನಿವೃತ್ತಿಗೆ ಇನ್ನು ತಿಂಗಳೂ ಇಲ್ಲ ಅನ್ನುವಾಗ, ಒಂದು ಮಧ್ಯಾಹ್ನ ಗಂಡ ಊಟಕ್ಕೆ ಕೂತ. ಅನ್ನ ಕಲಸುತ್ತಾನೆ, ಬಾಯಿಗಿಡುವುದಿಲ್ಲ. ಕಿವಿಯೆಲ್ಲ ಹಳಿಯ ಕಡೆ. ಅಕ್ಕ ಅವನ ತುಟಿಯ ಮೇಲೇ ಕಣ್ಣಿಟ್ಟಳು. ಫಾಸ್ಟ್ ಗಾಡಿ ಬಂತು, ಗೋಡೆ ಅದುರಿತು, ಅವನ ತುಟಿಗಳು ಆಡಿದವು. "ದೊಡ್ಡ ಸಾಹೇಬ್ರು ಕರೆದಿದ್ರು. ಇನ್ನೂ ಐದು ವರ್ಷ ಇಲ್ಲೇ ಇರು ಅಂದ್ರು. ಈ ಮನೆಗೆ ಬೇರೆ ಯಾರೂ ಬರಲ್ವಂತೆ. ಹೂಂ ಅಂದೆ."

ಗಾಡಿ ಹೋಯಿತು. "ಇನ್ನೊಂಚೂರು ಅನ್ನ ಹಾಕು" ಅಂದ.

ಹಾಕಿದಳು. ಒಂದು ಅವಕಾಶ ಕೊಡೋಣವೆಂದು ಕೇಳಿದಳು, "ಏನೋ ಅಂದ್ರಲ್ಲ?"

"ಏನಿಲ್ಲ ಬಿಡು. ಆಮೇಲೆ ಹೇಳ್ತೀನಿ."

ಅಕ್ಕ ಎದುರಿಗೇ ಕೂತು ಮುಂದಿನ ಗಾಡಿಗೆ ಕಾದಳು. ಅದು ಬಂದು ಮನೆ ನಡುಗುವಾಗ, ಅವನ ಮುಖ ನೋಡಿಕೊಂಡೇ ಹೇಳಿದಳು, "ನಾಳೆ ನಾನು ತಂಗಿ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ."

ಗಾಡಿ ದಾಟಿದ ಮೇಲೆ ಅವನು ತಲೆಯೆತ್ತಿದ. "ಏನಂದೆ?"

"ಹೇಳಿದ್ನಲ್ಲ, ಗದ್ದಲದಲ್ಲಿ ಕೇಳಿಸ್ಲಿಲ್ವೇನೋ."

ಅವನು ನಕ್ಕು ಕೈತೊಳೆದುಕೊಂಡು ಡ್ಯೂಟಿಗೆ ಹೋದ.

ಮರುದಿನ ಬೆಳಗ್ಗೆ ಅಕ್ಕ ಬಾಗಿಲಿಗೆ ಬೀಗ ಹಾಕಿ ಚೀಲ ಎತ್ತಿಕೊಂಡಳು. ಚಹಾದವನು ಓಡಿಬಂದು ಚೀಲ ಇಸಿದುಕೊಂಡ. "ಎಲ್ಲಿಗಕ್ಕಾ, ಬೆಳಬೆಳಗ್ಗೆ?"

"ದಡಕ್ಕೆ ಕಣಪ್ಪಾ."

ಕೆಲಸಕ್ಕೆ ಓಡುವವರು ಸೇತುವೆಯಿಂದ ಕೆಳಕ್ಕೆ ನುಗ್ಗುತ್ತಿದ್ದರು. ಅವಳು ಕಂಬಿ ಹಿಡಿದು ಎದುರು ಹತ್ತಿದಳು, ಚೀಲ ಹೊತ್ತ ಚಹಾದವನು ಹಿಂದೆ. ಮೇಲೆ ಮುಟ್ಟುವಷ್ಟರಲ್ಲಿ ಮಂಡಿ ಬೆಂಕಿಯಾಗಿತ್ತು, ಅಲ್ಲೇ ಕುಸಿದು ಕೂತಳು. ಕೆಳಗೆ ಪ್ಲಾಟ್‌ಫಾರಂನಲ್ಲಿ ಕೈಯಲ್ಲಿ ಬಾವುಟ ಹಿಡಿದಿದ್ದ ಗಂಡ ಅವಳನ್ನು ಕಂಡ, ಚಹಾದವನ ಹೆಗಲ ಮೇಲಿನ ಚೀಲವನ್ನೂ ಕಂಡ. ಅವನಿಗೆ ಗೊತ್ತಾಯಿತು. ಅಷ್ಟರಲ್ಲಿ ಗಾಡಿ ಧಡಧಡ ನುಗ್ಗಿತು. ಅವನು ಏನೋ ಕೂಗಿದ. ಅಕ್ಕ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಹೋಗಬೇಡ ಅನ್ನಲಿ, ನಾನೂ ಬರ್ತೀನಿ ಅನ್ನಲಿ, ಬೈಯಲಿ ಬೇಕಾದರೆ, ಅಂತ ಅವಳ ಜೀವ ಹಂಬಲಿಸಿತು. ಅವನ ತುಟಿಗಳು ಇನ್ನೊಮ್ಮೆ ಆಡಿದವು.

"ಬೀಗದ ಕೈ ಎಲ್ಲಿಟ್ಟೆ?"

ಅದು ಅವಳ ಸೊಂಟದಲ್ಲೇ ಇತ್ತು. ಕೊಡಲೆಂದು ಇಳಿದರೆ ಈ ಮಂಡಿಗಳು ಮತ್ತೆ ಹತ್ತಿಸುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿ ಜನರನ್ನು ತುಂಬಿಕೊಂಡು ಹೋಯಿತು. ಪ್ಲಾಟ್‌ಫಾರಂ ಬರಿದಾಯಿತು. ಅಕ್ಕ ಕಂಬಿಗಳ ನಡುವಿನಿಂದ ಕೈ ಚಾಚಿ ಬೀಗದ ಕೈ ಬಿಟ್ಟಳು. ಅದು ಅವನ ಕಾಲ ಬಳಿ ಟಣ್ಣೆಂದು ಬಿತ್ತು.

"ರೀ, ಸಾಹೇಬ್ರಿಗೆ ಹೂಂ ಅಂದಿದ್ದು ನೀವು. ನಾನು ಅಂದಿಲ್ಲ. ತಂಗಿ ಮನೇಲಿರ್ತೀನಿ. ಬರೋದಾದ್ರೆ ನೀವೇ ಬನ್ನಿ."

ಅವನು ಬಗ್ಗಿ ಬೀಗದ ಕೈ ಎತ್ತಿಕೊಂಡ. ಕಿವಿಗೆ ಅಂಗೈ ಹಿಡಿದು ಮೇಲೆ ನೋಡಿದ.

"ಏನಂದೆ?"

ನಾಲ್ಕು ಹಳಿಗಳಲ್ಲಿ ಯಾವುದರ ಮೇಲೂ ಗಾಡಿ ಇರಲಿಲ್ಲ. ಅಕ್ಕ ಕಂಬಿ ಹಿಡಿದು ಎದ್ದು, ಆಚೆ ಕಡೆಯ ಮೆಟ್ಟಿಲು ಒಂದೊಂದಾಗಿ ಇಳಿದಳು.